ಪುಣೆಯ ಗಾಡಿ



ಕಳೆದ ಮಳೆಗಾಲದ ಒಂದು ಸಂಜೆ ಸುರಪುರದ ನನ್ನ ಮನೆಗೆ ಒಬ್ಬ ಹುಡುಗಿ ಬಂದಳು. ನಾನು ಕಾಲೇಜಿನಲ್ಲಿ ಕನ್ನಡ ಕಲಿಸಿ ನಿವೃತ್ತನಾಗಿ ಬಹಳ ವರ್ಷಗಳಾದವು. ಈಗಲೂ ಭಾಷಣ ಸ್ಪರ್ಧೆಗೆ ನಾಲ್ಕು ಮಾತು ಬರೆಸಿಕೊಳ್ಳಲು, ಲಗ್ನಪತ್ರಿಕೆಯ ಕಾಗುಣಿತ ತಿದ್ದಿಸಿಕೊಳ್ಳಲು ಯಾರಾದರೂ ಬರುವುದುಂಟು. ಇವಳೂ ಅಂಥದೇ ಕೆಲಸಕ್ಕೆ ಬಂದಿರಬೇಕೆಂದುಕೊಂಡೆ. ಶಹಾಪುರ ತಾಲೂಕಿನ ಹಳ್ಳಿಯವಳು. ಆ ವರ್ಷವಷ್ಟೇ ಬಿ.ಎ. ಮುಗಿಸಿದ್ದಳು. ಹೆಸರು ಹೇಳಬಾರದೆಂದು ಅವಳೇ ಕೇಳಿಕೊಂಡಿದ್ದಾಳೆ, ಹೇಳುವುದಿಲ್ಲ. ಚೀಲದಿಂದ ಇನ್ನೂರು ಪುಟದ ನೋಟುಬುಕ್ಕೊಂದನ್ನು ತೆಗೆದು ಮೇಜಿನ ಮೇಲಿಟ್ಟು, "ಸರ, ನಾ ಸಿನಿಮಾ ಬರಿಯೋದು ಕಲೀಬೇಕಂತ ಮಾಡೀನಿ. ಪುಣೆದಾಗ ಅದಕ್ಕ ಒಂದು ಶಾಲಿ ಅದ ಅಂತಲ್ರೀ?" ಎಂದಳು.

ನಾನು ನಕ್ಕುಬಿಟ್ಟೆ. ಸಿನಿಮಾ ನೋಡುವುದನ್ನು ಬಲ್ಲೆ, ಮಾಡುವುದನ್ನು ಕೇಳಿದ್ದೇನೆ, ಬರೆಯುವುದೆಂದರೇನವ್ವಾ ಎಂದು ಹಗುರವಾಗಿ ಕೇಳಿದೆ. ಅವಳು ನಗಲಿಲ್ಲ. "ಯಾರಾರ ಬರದೇ ಇರಬೇಕಲ್ರೀ ಸರ" ಎಂದಳು.

ಮಾತು ನಿಜ. 1934ರಲ್ಲಿ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಗೆ ಬಂದಾಗ ಅದಕ್ಕೂ ಒಬ್ಬರು ಬರೆದಿದ್ದರು. ಅವರು ಬೆಳ್ಳಾವೆ ನರಹರಿಶಾಸ್ತ್ರಿಗಳು. ರಂಗಭೂಮಿಗೆ ನಾಟಕ ಬರೆದು ಪಳಗಿದ್ದ ಕೈ ಅದು. ಅದೇ ಕೈ ಸಿನಿಮಾಕ್ಕೂ ಸಂಭಾಷಣೆ, ಹಾಡು ಬರೆದುಕೊಟ್ಟಿತು. ಚಿತ್ರ ತಯಾರಾದದ್ದು ಕೊಲ್ಹಾಪುರದಲ್ಲಿ. ಅಂದಿನಿಂದ ಇಂದಿನವರೆಗೆ ನಾಯಕ ನಾಯಕಿಯರ ಹೆಸರು ನಮ್ಮ ನಾಲಿಗೆಯ ತುದಿಯಲ್ಲಿವೆ, ನಿರ್ದೇಶಕರ ಹೆಸರು ಸ್ವಲ್ಪ ಯೋಚಿಸಿದರೆ ಹೊಳೆಯುತ್ತದೆ. ಬರೆದವರು ಯಾರೆಂದು ಕೇಳಿದರೆ ನಾವು ಮುಖ ಮುಖ ನೋಡುತ್ತೇವೆ. ಕನ್ನಡ ಕಲಿಸಿದ ನಾನೇ ನಕ್ಕಮೇಲೆ ಉಳಿದವರನ್ನು ಏನೆನ್ನಲಿ?

ಈಗ ಪುಣೆಯ ಮಾತು. ಸುರಪುರಕ್ಕೂ ಶಹಾಪುರಕ್ಕೂ ರೈಲಿಲ್ಲ. ಬಸ್ಸು ಹಿಡಿದು, ಭೀಮೆಯನ್ನು ದಾಟಿ ಯಾದಗಿರಿಗೆ ಹೋಗಬೇಕು. ಮುಂಬಯಿಯಿಂದ ಬಂದ ಹಳಿಯೂ ಮದರಾಸಿನಿಂದ ಬಂದ ಹಳಿಯೂ 1871ರಲ್ಲಿ ರಾಯಚೂರಿನಲ್ಲಿ ಕೂಡಿಕೊಂಡವು. ಯಾದಗಿರಿ ಆ ದಾರಿಯ ಮೇಲೆ ಕುಳಿತ ಊರು. ಪ್ಲಾಟ್‌ಫಾರ್ಮಿನ ಮೇಲೆ ನಿಂತು ಒಂದು ಕಡೆಗೆ ಮುಖ ಮಾಡಿದರೆ ವಾಡಿ, ಕಲಬುರಗಿ, ಸೊಲ್ಲಾಪುರ, ಪುಣೆ, ಮುಂಬಯಿ. ಇನ್ನೊಂದು ಕಡೆಗೆ ಮುಖ ಮಾಡಿದರೆ ರಾಯಚೂರು, ಗುಂತಕಲ್ಲು, ಅಲ್ಲಿಂದ ಮುಂದೆ ಮದರಾಸು, ಬೆಂಗಳೂರು. ಸಿನಿಮಾ ಹುಟ್ಟುವ ಊರುಗಳೆಲ್ಲ ಈ ಒಂದೇ ಹಳಿಗೆ ಪೋಣಿಸಿದಂತಿವೆ. ಆದರೆ ನಮ್ಮ ಮೂರು ತಾಲೂಕುಗಳ ಜನಕ್ಕೆ ಪುಣೆಯ ಗಾಡಿ ಎಂದರೆ ಮೊದಲು ನೆನಪಾಗುವುದು ಬೇರೆಯೇ. ಮಳೆ ಕೈಕೊಟ್ಟ ವರ್ಷ, ಸುಗ್ಗಿ ಮುಗಿದ ಮೇಲೆ, ಹಾಸಿಗೆಯ ಸುರುಳಿ, ರೊಟ್ಟಿಯ ಗಂಟು, ಕಂಕುಳಲ್ಲಿ ಕೂಸು ಇವಿಷ್ಟರೊಂದಿಗೆ ಆ ಗಾಡಿ ಹತ್ತುವ ನಮ್ಮವರನ್ನು ನೀವೂ ನೋಡಿರುತ್ತೀರಿ. ಪುಣೆ, ಮುಂಬಯಿಗಳ ಎಷ್ಟು ಮಹಡಿಗಳಿಗೆ ನಮ್ಮವರು ಇಟ್ಟಂಗಿ ಹೊತ್ತಿದ್ದಾರೋ ಲೆಕ್ಕವಿಟ್ಟವರಿಲ್ಲ.

ಅದೇ ಪುಣೆಯಲ್ಲಿ ಹುಡುಗಿ ಕೇಳಿದ ಶಾಲೆಯೂ ಇದೆ. ಪ್ರಭಾತ್ ಕಂಪನಿ 1929ರಲ್ಲಿ ಕೊಲ್ಹಾಪುರದಲ್ಲಿ ಹುಟ್ಟಿ 1933ರಲ್ಲಿ ಪುಣೆಗೆ ಬಂದು ಸ್ಟುಡಿಯೋ ಕಟ್ಟಿತು. ಆ ಕಂಪನಿ ಮುಚ್ಚಿದ ಮೇಲೆ ಅದೇ ಆವರಣದಲ್ಲಿ 1960ರಲ್ಲಿ ಕೇಂದ್ರ ಸರಕಾರ ಚಲನಚಿತ್ರ ಸಂಸ್ಥೆಯನ್ನು ತೆರೆಯಿತು. ಅಲ್ಲಿ ಒಂದು ಮಾವಿನ ಮರವಿದೆ. ಬಂಗಾಲದ ಋತ್ವಿಕ್ ಘಟಕ್ ಅದರ ನೆರಳಲ್ಲಿ ಕುಳಿತು ಹುಡುಗರಿಗೆ ಪಾಠ ಹೇಳಿದರೆಂದು ಅದನ್ನು ಜ್ಞಾನವೃಕ್ಷವೆಂದೇ ಕರೆಯುತ್ತಾರೆ. ಕನ್ನಡಿಗರಿಗೆ ಆ ಆವರಣ ಅಪರಿಚಿತವಲ್ಲ. 1974-75ರಲ್ಲಿ ಅದರ ನಿರ್ದೇಶಕರಾಗಿದ್ದವರು ಗಿರೀಶ ಕಾರ್ನಾಡರು. ಮಣಿಪಾಲದಲ್ಲಿ ಔಷಧಶಾಸ್ತ್ರ ಓದಿ, ಅದನ್ನು ಬಿಟ್ಟು ಅಲ್ಲಿಗೆ ಹೋದ ಮಲೆನಾಡಿನ ತರುಣ ಗಿರೀಶ ಕಾಸರವಳ್ಳಿ 1975ರಲ್ಲಿ ಚಿನ್ನದ ಪದಕದೊಂದಿಗೆ ಹೊರಬಂದರು. ಎರಡೇ ವರ್ಷದಲ್ಲಿ ಅವರ ‘ಘಟಶ್ರಾದ್ಧ’ ರಾಷ್ಟ್ರದ ಸ್ವರ್ಣಕಮಲವನ್ನು ತಂದಿತು.

ನಮ್ಮ ಬೆಂಗಳೂರಿನಲ್ಲಿ ಅದಕ್ಕೂ ಮೊದಲೇ ಒಂದು ವಿದ್ಯೆ ಇತ್ತು. ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣ ಕಲಿತ ವಿ.ಕೆ. ಮೂರ್ತಿಯವರು 1959ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಬೆಳಕಿನ ಕೋಲನ್ನು ನಿಲ್ಲಿಸಿ ತೋರಿಸಿದ್ದು ಈಗ ದಂತಕಥೆಯಾಗಿದೆ. ಗೋವಿಂದ ನಿಹಲಾನಿ ಕಲಿತದ್ದೂ ಅಲ್ಲೇ. ಕ್ಯಾಮೆರಾ ಒಂದು ಯಂತ್ರ, ಯಂತ್ರಕ್ಕೆ ಶಾಲೆ ಬೇಕು ಎಂಬುದು ನಮಗೆ ಬೇಗ ಹೊಳೆಯಿತು. ಬರೆಯುವುದಕ್ಕೆ ಶಾಲೆ ಬೇಕೆಂದು ಹೊಳೆಯಲಿಲ್ಲ. ನಾಟಕಕಾರ ಇದ್ದಾನೆ, ಕಾದಂಬರಿಕಾರ ಇದ್ದಾನೆ, ಇನ್ನೇನು ಬೇಕು ಎಂದುಕೊಂಡೆವು. ನಾನೂ ಹಾಗೆಯೇ ಅಂದುಕೊಂಡಿದ್ದವನು.

ನೋಟುಬುಕ್ಕನ್ನು ಓದಿದೆ. ಒಂದು ಹೆಣ್ಣಿನ ಕಥೆ. ಚೆನ್ನಾಗಿಯೇ ಇತ್ತು. ಆದರೆ ಪುಟಪುಟದಲ್ಲೂ ‘ಅವಳ ಮನಸ್ಸಿಗೆ ತುಂಬಾ ನೋವಾಯಿತು’, ‘ಅವಳಿಗೆ ಬಾಲ್ಯದ ನೆನಪುಗಳು ಮರುಕಳಿಸಿದವು’ ಎಂಬ ಮಾತುಗಳು. ಮಾರನೆಯ ದಿನ ಅವಳು ಬಂದಾಗ ಕೇಳಿದೆ: "ನೋವಾದದ್ದನ್ನು ನಾನು ಓದಿದೆ. ಟಾಕೀಜಿನಲ್ಲಿ ಕುಳಿತವನು ಅದನ್ನು ಎಲ್ಲಿ ನೋಡಬೇಕು?" ಆಮೇಲೆ ನಾವಿಬ್ಬರೂ ಕೂಡಿಯೇ ಕಲಿಯತೊಡಗಿದೆವು ಎಂದರೆ ಸರಿ. ಚಿತ್ರಕಥೆ ವರ್ತಮಾನಕಾಲದಲ್ಲಿ ನಡೆಯುತ್ತದೆ. ಕಣ್ಣಿಗೆ ಕಂಡದ್ದು, ಕಿವಿಗೆ ಕೇಳಿದ್ದು, ಇವೆರಡನ್ನು ಬಿಟ್ಟು ಮೂರನೆಯದಕ್ಕೆ ಅಲ್ಲಿ ಜಾಗವಿಲ್ಲ. ಒಂದು ಪುಟವೆಂದರೆ ತೆರೆಯ ಮೇಲೆ ಸುಮಾರು ಒಂದು ನಿಮಿಷ ಎಂದು ಆ ಕಸುಬಿನವರು ಲೆಕ್ಕ ಹಾಕುತ್ತಾರೆ. ಜೀವನವಿಡೀ ರಸ, ಧ್ವನಿ, ಔಚಿತ್ಯಗಳನ್ನು ಪಾಠ ಹೇಳಿದ ನನಗೆ ಧ್ವನಿ ಎಂಬ ಶಬ್ದದ ಇನ್ನೊಂದು ಅರ್ಥ ತಿಳಿದದ್ದು ಎಪ್ಪತ್ತರ ವಯಸ್ಸಿನಲ್ಲಿ.

ಶಹಾಪುರದ ಮಲಗಿದ ಬುದ್ಧನನ್ನು ನೀವು ನೋಡಿದ್ದೀರಷ್ಟೆ. ನಾಲ್ಕು ಗುಡ್ಡಗಳು ಕೂಡಿ, ತಲೆ, ಎದೆ, ಕಾಲು ಚಾಚಿ ಒರಗಿದ ಬುದ್ಧನ ಹಾಗೆ ಕಾಣುತ್ತವೆ. ದಾರಿಯ ಒಂದು ತಾಣದಿಂದ ಮಾತ್ರ ಹಾಗೆ. ಹತ್ತಿರ ಹೋದಿರೋ, ಬುದ್ಧನಿಲ್ಲ. ಬಂಡೆಗಳು, ಕುರುಚಲು ಗಿಡ, ಮೇಯುವ ಕುರಿಗಳು. ಬುದ್ಧನೂ ನಿಜ, ಬಂಡೆಯೂ ನಿಜ. ಎಲ್ಲಿ ನಿಲ್ಲುತ್ತೀಯೆಂಬುದನ್ನು ಮೊದಲು ತೀರ್ಮಾನಿಸು ಎಂದೆ. "ದಿನಾ ಬಸ್ಸಿನಾಗ ಬರ್ತೀನಲ್ರೀ ಸರ, ಬುದ್ಧ ಎಲ್ಲಿ ಒಡೀತಾನ ಅನ್ನೋದು ನನಗ ಗೊತ್ತದ" ಎಂದಳು. ‘ಒಡೀತಾನ’ ಎಂಬ ಆ ಕ್ರಿಯಾಪದವನ್ನು ನಾನು ಕಲಿಸಿದ್ದಲ್ಲ.

ಅವಳಿಗೊಂದು ಅಭ್ಯಾಸ ಕೊಟ್ಟೆ. ಸುರಪುರದ ರಾಜಾ ವೆಂಕಟಪ್ಪ ನಾಯಕರ ಕಡೆಯ ದಿನ. ಕಥೆ ನಮ್ಮ ಕಡೆಯವರಿಗೆ ಗೊತ್ತಿರುವಂಥದೇ. ತಂದೆ ತೀರಿಕೊಂಡಾಗ ಹುಡುಗ ಇನ್ನೂ ಚಿಕ್ಕವನು. ಸಂಸ್ಥಾನವನ್ನು ನೋಡಿಕೊಳ್ಳಲು ಬಂದವರು ಮೆಡೋಸ್ ಟೇಲರ್ ಎಂಬ ಇಂಗ್ಲಿಷ್ ಅಧಿಕಾರಿ. ಅವರು ಕಟ್ಟಿಸಿದ ಬಂಗಲೆ ಟೇಲರ್ ಮಂಜಿಲ್ ಎಂಬ ಹೆಸರಿನಿಂದ ಗುಡ್ಡದ ಮೇಲೆ ಇದೆ. ಅವರು ಕಾದಂಬರಿಕಾರರೂ ಹೌದು. ಹುಡುಗ ಅವರನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದನಂತೆ. 1858ರಲ್ಲಿ ನಾಯಕರು ಕಂಪನಿಯ ಸೇನೆಗೆ ಎದುರು ನಿಂತು, ಸೋತು, ಸೆರೆಯಾದರು. ಅದೇ ವರ್ಷ ಸೆರೆಯಾಳಾಗಿ ಸಾಗುತ್ತಿದ್ದಾಗ ದಾರಿಯ ಬಿಡಾರದಲ್ಲಿ ಗುಂಡು ಹಾರಿ ಪ್ರಾಣ ಹೋಯಿತು. ವಯಸ್ಸು ಇಪ್ಪತ್ತನಾಲ್ಕು. ಬೆಂಗಾವಲಿನ ಅಧಿಕಾರಿ ತೆಗೆದಿಟ್ಟಿದ್ದ ಪಿಸ್ತೂಲಿನಿಂದ ಅದಾಯಿತೆಂದು ಟೇಲರ್ ತಮ್ಮ ಆತ್ಮಕಥೆಯಲ್ಲಿ ಬರೆಯುತ್ತಾರೆ. ತಾನಾಗಿ ಹಾರಿಸಿಕೊಂಡದ್ದೋ ಕೈತಪ್ಪಿ ಹಾರಿದ್ದೋ ಎಂಬುದನ್ನು ಬಿಡಿಸಿ ಹೇಳುವುದಿಲ್ಲ. ಊರಿನ ಹಿರಿಯರ ಬಾಯಲ್ಲಿ ಕಥೆ ಬೇರೆ ಬೇರೆಯಾಗಿದೆ. ಇದನ್ನು ಒಂದು ಪುಟದಲ್ಲಿ ಬರೆದು ತಾ ಎಂದೆ.

ನಾನು ನಿರೀಕ್ಷಿಸಿದ್ದು ಆವೇಶದ ಸಂಭಾಷಣೆಯನ್ನು. ತಾಯ್ನಾಡು, ದಾಸ್ಯ, ಮೀಸೆ. ನಮ್ಮ ಕಂಪನಿ ನಾಟಕಗಳಲ್ಲಿ ಬೆಳೆದವರು ಬೇರೇನನ್ನು ಬರೆಯಬಲ್ಲರು? ಎಂಟು ದಿನ ಬಿಟ್ಟು ಅವಳು ತಂದ ಪುಟದಲ್ಲಿ ಗುಡಾರದ ಒಳಗೆ ಅವಳು ಹೋಗಿರಲೇ ಇಲ್ಲ. ಹೊರಗೆ ಮಧ್ಯಾಹ್ನದ ಬಿಸಿಲು. ಸಿಪಾಯಿಯೊಬ್ಬ ಕುದುರೆಗೆ ನೀರು ಕುಡಿಸುತ್ತಿದ್ದಾನೆ. ಇನ್ನೊಬ್ಬ ಬೂಟಿನೊಳಗಿನ ಹರಳನ್ನು ಕೊಡವುತ್ತಿದ್ದಾನೆ. ಗುಡಾರದ ಬಟ್ಟೆ ಗಾಳಿಗೆ ಉಬ್ಬಿ ಇಳಿಯುತ್ತದೆ. ಒಂದು ಸದ್ದು. ಕುದುರೆ ನೀರಿನಿಂದ ತಲೆ ಎತ್ತುತ್ತದೆ. ಅದರ ಬಾಯಿಂದ ನೀರು ತೊಟ್ಟಿಕ್ಕುತ್ತದೆ. ಬೂಟು ಹಿಡಿದವನು ಒಂದೇ ಕಾಲಿನಲ್ಲಿ ಬೂಟಿನೊಂದಿಗೆ ಗುಡಾರದ ಕಡೆಗೆ ಓಡುತ್ತಾನೆ. ಅಷ್ಟೇ. ಯಾರು ಹಾರಿಸಿದರೆಂಬುದನ್ನು ಇತಿಹಾಸ ಹೇಳದಿದ್ದರೆ ನಾನು ಯಾಕೆ ಹೇಳಬೇಕು ಎಂಬುದು ಅವಳ ವಾದ. ನಾನು ಆ ಪುಟವನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಒರೆಸಿಕೊಂಡೆ.

ಇಲ್ಲಿ ನನ್ನದೊಂದು ಮಾತು ಹೇಳಬೇಕು. ಇಷ್ಟು ವರ್ಷ ಯಾರಿಗೂ ಸರಿಯಾಗಿ ಹೇಳಿದ್ದಲ್ಲ. ‘ಘಟಶ್ರಾದ್ಧ’ವನ್ನು ನಾನು ನೋಡಿದ್ದು ಕಲಬುರಗಿಯಲ್ಲಿ ಎಂ.ಎ. ಓದುತ್ತಿದ್ದಾಗ. ಚಿತ್ರ ಮುಗಿದ ಮೇಲೆ ಕೋಣೆಗೆ ಹೋಗದೆ ರಸ್ತೆಯಲ್ಲಿ ತಿರುಗಿದೆ. ಮರುವಾರ ಪುಣೆಗೆ ಕಾಗದ ಬರೆದು ಅರ್ಜಿ ತರಿಸಿಕೊಂಡೆ. ಅದು ಟ್ರಂಕಿನಲ್ಲಿ ಬಟ್ಟೆಗಳ ಅಡಿಗೆ ಹೋಯಿತು. ಕೊನೆಯ ತಾರೀಖು ದಾಟಿತು. ತಂಗಿಯರ ಮದುವೆಯಿತ್ತು, ಮನೆಯ ಜವಾಬ್ದಾರಿಯಿತ್ತು, ಅದಕ್ಕೇ ಹೋಗಲಾಗಲಿಲ್ಲವೆಂದು ಹೆಂಡತಿಗೂ ಗೆಳೆಯರಿಗೂ ಹೇಳುತ್ತ ಬಂದೆ. ಮದುವೆಗಳೇನೋ ನಿಜ. ಆದರೆ ಅರ್ಜಿಯ ಇಂಗ್ಲಿಷನ್ನು ನೋಡಿ, ಸಂದರ್ಶನದಲ್ಲಿ ಕುಳಿತು ತಡವರಿಸುವ ನನ್ನನ್ನೇ ನಾನು ಕಲ್ಪಿಸಿಕೊಂಡು ಹೆದರಿದ್ದು ಅದಕ್ಕಿಂತ ದೊಡ್ಡ ನಿಜ. ತಂಗಿಯರು ಪಾಪ, ನನ್ನ ಅಂಜಿಕೆಯ ಭಾರವನ್ನು ಅರಿಯದೆಯೇ ಹೊತ್ತರು.

ಹುಡುಗಿಯ ಮುಂದೆಯೂ ಅದೇ ಗೋಡೆಯಿದೆ. ಪುಣೆಯಲ್ಲಿ ಪಾಠ ನಡೆಯುವುದು ಕನ್ನಡದಲ್ಲಲ್ಲ. ನಮ್ಮ ಭಾಗಕ್ಕೆಂದು 2012ರಲ್ಲಿ ಸಂಸತ್ತು ಒಪ್ಪಿದ 371(ಜೆ) ವಿಧಿ ರಾಜ್ಯದೊಳಗಿನ ಕಾಲೇಜಿನಲ್ಲಿ, ನೌಕರಿಯಲ್ಲಿ ನಮ್ಮ ಮಕ್ಕಳ ಕೈ ಹಿಡಿಯುತ್ತದೆ. ಹೊರರಾಜ್ಯದ ಆ ಬಾಗಿಲಲ್ಲಿ ಅದು ನಡೆಯದು. ಇದರ ಇನ್ನೊಂದು ಪರಿಣಾಮವನ್ನು ನಾನು ದಿನವೂ ಕಾಣುತ್ತೇನೆ. ಬಿ.ಎ. ಮುಗಿಸಿದವರಿಗೆಲ್ಲ ಮನೆಯವರು ತೋರಿಸುವ ದಾರಿ ಒಂದೇ: ಬಿ.ಎಡ್. ಮಾಡು, ಪರೀಕ್ಷೆ ಬರೆ, ನೌಕರಿ ಹಿಡಿ. ತಪ್ಪೇನಿಲ್ಲ. ಬರಗಾಲವನ್ನು ಕಂಡ ನೆಲಕ್ಕೆ ತಿಂಗಳ ಸಂಬಳವೇ ದೊಡ್ಡ ಕಾವ್ಯ.

ಭಾಷೆಯ ಮಾತು ಇನ್ನೂ ಇದೆ. ನಮ್ಮ ಸಗರನಾಡಿನ ಮಾತನ್ನು ಕನ್ನಡ ಸಿನಿಮಾ ಬಹುಕಾಲ ಇಟ್ಟುಕೊಂಡದ್ದು ನಗಿಸುವುದಕ್ಕೆ. ಆಳು, ಕಾವಲುಗಾರ, ಊರಿನಿಂದ ಪಟ್ಟಣಕ್ಕೆ ಬಂದ ಪೆದ್ದ, ಇವರ ಬಾಯಲ್ಲಿ ‘ಹೌದ್ರೀ’, ‘ಎಲ್ಲಿಗಿ’ ಎಂದು ಹಾಕಿದರೆ ಸಾಕು, ಟಾಕೀಜು ನಗುತ್ತದೆ. ಶಹಾಪುರದ ಟಾಕೀಜಿನಲ್ಲಿ ಕುಳಿತ ನಾವೂ ನಕ್ಕಿದ್ದೇವೆ. ನಮ್ಮ ಮಾತಿನಲ್ಲಿ ಒಬ್ಬ ತಾಯಿ ಮಗುವನ್ನು ಕಳೆದುಕೊಂಡು ಅಳುವುದನ್ನು ತೆರೆಯ ಮೇಲೆ ಕಂಡದ್ದು ಎಷ್ಟು ಸಲ? ತಿಂಥಣಿಯ ಮೌನೇಶ್ವರರೂ ಕೊಡೇಕಲ್ಲ ಬಸವಣ್ಣನವರೂ ವಚನ ನುಡಿದ ನೆಲದ ಮಾತು ಇದು. ಹುಡುಗಿ ಪುಣೆಗೆ ಹೋಗಬೇಕೆಂದು ನಾನು ಹಟ ಹಿಡಿದದ್ದಕ್ಕೆ ಇದೂ ಒಂದು ಕಾರಣ. ನಮ್ಮ ಮಾತನ್ನು ಬರೆಯಬಲ್ಲವರು ನಮ್ಮಲ್ಲಿಂದಲೇ ಹೋಗಬೇಕಲ್ಲದೆ ಬೇರೆಲ್ಲಿಂದ ಬಂದಾರು?

ಹೋಗಿ ಗೆದ್ದವರಿಲ್ಲವೇ ಎಂದರೆ ಇದ್ದಾರೆ, ಹೋಗದೆ ಗೆದ್ದವರೂ ಇದ್ದಾರೆ. 2015ರ ‘ತಿಥಿ’ಯನ್ನು ನಿರ್ದೇಶಿಸಿದವರು ರಾಮ್ ರೆಡ್ಡಿ, ಅವರ ಜೊತೆಗೂಡಿ ಅದನ್ನು ಬರೆದವರು ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಈರೇಗೌಡರು. ತಮ್ಮ ಊರನ್ನೂ ಊರಿನವರ ಬೈಗುಳವನ್ನೂ ಕಾಗದಕ್ಕಿಳಿಸಿದರು, ಊರಿನವರೇ ನಟಿಸಿದರು. ಸ್ವಿಟ್ಜರ್ಲೆಂಡಿನ ಲೊಕಾರ್ನೊದಲ್ಲಿ ಅದಕ್ಕೆ ಬಹುಮಾನ ಬಂತು. ಇತ್ತ 2024ರಲ್ಲಿ ಪುಣೆಯ ಆ ಸಂಸ್ಥೆಯಲ್ಲೇ ಓದುತ್ತಿದ್ದ ಕನ್ನಡಿಗ ಚಿದಾನಂದ ನಾಯ್ಕ, ಮೊದಲು ವೈದ್ಯಕೀಯ ಓದಿದವರು, ಹದಿನಾರು ನಿಮಿಷದ ಕನ್ನಡ ಚಿತ್ರವೊಂದಕ್ಕೆ ಫ್ರಾನ್ಸಿನ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಪಡೆದರು. ಕಥೆ ಯಾವುದು ಗೊತ್ತೇ? ಮುದುಕಿಯೊಬ್ಬಳು ಊರಿನ ಹುಂಜವನ್ನು ಒಯ್ದುಬಿಟ್ಟಳು, ಊರಿಗೆ ಬೆಳಗೇ ಆಗಲಿಲ್ಲ ಎಂಬ, ನಮ್ಮ ಅಜ್ಜಿಯರು ಹೇಳುತ್ತಿದ್ದ ಬಗೆಯ ಕಥೆ.

ಇಷ್ಟನ್ನೂ ನಾನು ಅವಳಿಗೆ ಹೇಳಿದೆ. ಅವಳ ತಂದೆಗೆ ಹೇಳುವುದು ಉಳಿದಿತ್ತು. ಒಂದು ಭಾನುವಾರ ಅವರ ಹಳ್ಳಿಗೆ ಹೋದೆ. ಕಾಲುವೆಯ ಕೊನೆಯಲ್ಲಿರುವ ಹೊಲ. ನಾರಾಯಣಪುರದ ಅಣೆಕಟ್ಟು 1982ರಲ್ಲಿ ಆದದ್ದು. ಮೇಲಿನವರ ಗದ್ದೆ ಕುಡಿದು ಉಳಿದ ನೀರು ಇವರ ಹತ್ತಿಗೆ. ತಂದೆ ಚಹಾ ಕೊಡಿಸಿ, ನನ್ನ ಮಾತನ್ನೆಲ್ಲ ತಾಳ್ಮೆಯಿಂದ ಕೇಳಿದರು. ಆಮೇಲೆ, "ಸರ, ಪುಣೆ ನಮಗ ಗೊತ್ತಿಲ್ಲೇನ್ರಿ? ಹದಿನಾಲ್ಕು ವರ್ಷ ಅಲ್ಲಿ ಇಟ್ಟಂಗಿ ಹೊತ್ತೀನಿ. ಈಕಿ ಹುಟ್ಟಿದ್ದು ಅಲ್ಲೇ, ತಗಡಿನ ಶೆಡ್ಡಿನಾಗ. ಈಕಿ ಅಲ್ಲಿ ಬೆಳೀಬಾರದಂತನೇ ನಾವು ತಿರುಗಿ ಬಂದದ್ದು. ಈಗ ಮತ್ತ ಅಲ್ಲಿಗೇ ಕಳಸಂತೀರಿ" ಎಂದರು.

ನನ್ನಲ್ಲಿ ಉತ್ತರವಿರಲಿಲ್ಲ. ಆ ಪುಣೆ ಬೇರೆ, ಈ ಪುಣೆ ಬೇರೆ ಎಂದು ಹೇಳಬಹುದಿತ್ತು. ಹೇಳಲು ನಾಲಿಗೆ ಏಳಲಿಲ್ಲ. ಓದಿ ಬಂದಮೇಲೆ ಸಂಬಳ ಎಷ್ಟು ಬರುತ್ತದೆ ಎಂದು ಕೇಳಿದರು. ಬರಬಹುದು, ಬಾರದಿರಬಹುದು, ಬರೆದದ್ದು ಪೆಟ್ಟಿಗೆಯಲ್ಲೇ ಉಳಿಯಬಹುದು ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ತಲೆಯಾಡಿಸಿದರು. ನಾನು ಏಳುವುದರಲ್ಲಿದ್ದೆ. ಹುಡುಗಿ ಒಳಗಿನಿಂದ ನೋಟುಬುಕ್ಕನ್ನು ತಂದು, "ಅಪ್ಪಾ, ಒಂದು ಪುಟ ಓದ್ತೀನಿ, ಕೇಳು" ಎಂದಳು.

ಅದು ನಾನೂ ನೋಡಿರದ ಪುಟ. ಪುಣೆ, ರಾತ್ರಿ, ತಗಡಿನ ಶೆಡ್ಡು, ಜೋರು ಮಳೆ. ಕೂಸು ಮಲಗಿದೆ. ಊರಿಗೆ ಹೋಗಿಬಿಡೋಣ, ಮಗಳನ್ನು ಶಾಲೆಗೆ ಹಾಕೋಣ ಎಂದು ಹೆಂಡತಿ ಗಂಡನಿಗೆ ಹೇಳುತ್ತಾಳೆ. ಗಂಡ ಮುಕಾದಮನ ಬಾಕಿಯ ಮಾತು ತೆಗೆಯುತ್ತಾನೆ. ಆರೇಳು ಮಾತುಗಳ ಸಂಭಾಷಣೆ, ಚೆನ್ನಾಗಿ ಬಂದಿತ್ತು. ಆದರೆ ತಂದೆ ನಡುವೆಯೇ ತಡೆದರು.

"ಯವ್ವಾ, ಇದು ಸುಳ್ಳ. ಮಳಿ ಹೊಡಿಯೋ ಮುಂದ ತಗಡಿನ ಕೆಳಗ ಮಾತು ಎಲ್ಲಿ ಕೇಳತಾವ? ಬಾಯಿಗಿ ಕಿವಿ ಹಚ್ಚಿದ್ರೂ ಕೇಳತಿರಲಿಲ್ಲ. ನಿಮ್ಮವ್ವ ಹೇಳಿದ್ದು ಮಾತಿಲೆ ಅಲ್ಲ."

"ಮತ್ತ ಹೆಂಗ ಹೇಳಿದಳಪ್ಪಾ?"

ಅವರು ಒಲೆಯ ಕಡೆಗೆ ನೋಡಿದರು. ರೊಟ್ಟಿ ಬಡಿಯುತ್ತಿದ್ದ ತಾಯಿ ಹಿಟ್ಟಿನ ಕೈಯನ್ನು ಎತ್ತಿ, ಮೊದಲು ಮಗಳ ಕಡೆಗೆ ತೋರಿಸಿ, ಆಮೇಲೆ ಬಾಗಿಲಿನಾಚೆಗೆ, ದೂರಕ್ಕೆ ತೋರಿಸಿ, ಮತ್ತೆ ರೊಟ್ಟಿಗೆ ಬಾಗಿದರು.

ಹುಡುಗಿ ಪೆನ್ನು ತೆಗೆದು ಆ ಆರೇಳು ಸಾಲುಗಳ ಮೇಲೆ ಗೀಟು ಎಳೆದಳು. ಪಕ್ಕದ ಖಾಲಿ ಜಾಗದಲ್ಲಿ ಏನನ್ನೋ ಬರೆದುಕೊಳ್ಳುತ್ತಿದ್ದಳು. ತಂದೆ ಅವಳ ಕೈಯನ್ನೇ ನೋಡುತ್ತ ಕುಳಿತಿದ್ದವರು, "ಕೂಸು ಮಲಗಿತ್ತಂತ ಬರದೀಯಲ್ಲ, ಅದೂ ಸುಳ್ಳೇ. ಆ ಸಪ್ಪಳಕ್ಕ ನೀ ಎಲ್ಲಿ ಮಲಗತಿದ್ದಿ? ಕಣ್ಣು ಬಿಟಗೊಂಡು ತಗಡು ನೋಡತಿದ್ದಿ" ಎಂದರು. ಅವಳು ಅದನ್ನೂ ಬರೆದುಕೊಂಡಳು.